ಬರ್ನ್ ಡೆಕ್: ಇಪ್ಪತ್ತನ್ನು ಎಣಿಸುವುದು, ಆ ಎಣಿಕೆಯನ್ನು ತಪ್ಪಿಸುವುದು

ಕೆಂಡದಕೈ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರ ನಡುವೆ ಬರ್ನ್ ಡೆಕ್ (ಎದುರಾಳಿಯನ್ನು ನೇರವಾಗಿ ಸುಡುವ ಕಾರ್ಡ್‌ಗಳ ಕಟ್ಟು) ಬಗ್ಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಅದಕ್ಕೇನು ತಲೆ ಬೇಕು, ಕೈಗೆ ಬಂದದ್ದನ್ನೆಲ್ಲ ಎದುರಾಳಿಯ ಮೇಲೆ ಎಸೆದರಾಯಿತು." ಮಾಡರ್ನ್ ಪದ್ಧತಿಯಲ್ಲಿ ಹಲವು ವರ್ಷ ಇದೇ ಡೆಕ್ ಆಡಿದವನಾಗಿ ಈ ಮಾತನ್ನು ನಾನು ಒಪ್ಪುವುದಿಲ್ಲ. ಬರ್ನ್ ಎಂದರೆ ಎಸೆಯುವ ಆಟವಲ್ಲ, ಎಣಿಸುವ ಆಟ. ಎಣಿಸದೆ ಎಸೆದವರು ಎದುರಾಳಿಯನ್ನು ಎರಡೋ ಮೂರೋ ಲೈಫ್‌ಗೆ ತಂದು ನಿಲ್ಲಿಸಿ, ಖಾಲಿ ಕೈಯಲ್ಲಿ ಕುಳಿತು ಸೋಲುತ್ತಾರೆ. ಅಂಥ ಸೋಲುಗಳನ್ನು ನೋಡಿ ನೋಡಿಯೇ ಇದನ್ನು ಬರೆಯಬೇಕೆನಿಸಿತು.

ಲೆಕ್ಕ ಇಲ್ಲಿಂದ ಆರಂಭವಾಗುತ್ತದೆ. ಎದುರಾಳಿಗೆ ಆರಂಭದಲ್ಲಿ 20 ಲೈಫ್, ಅದು ಸೊನ್ನೆಗೆ ಇಳಿದರೆ ಅವರು ಸೋತರು. ಲೈಟ್ನಿಂಗ್ ಬೋಲ್ಟ್ ಒಂದು ಕೆಂಪು ಮಾನಾಕ್ಕೆ (ಮಾನಾ ಎಂದರೆ ಕಾರ್ಡ್ ಹಾಕಲು ತೆರುವ ಶಕ್ತಿ) 3 ಡ್ಯಾಮೇಜ್ ಕೊಡುತ್ತದೆ. 1993ರ ಮೊದಲ ಸೆಟ್‌ನಿಂದಲೂ ಇರುವ ಈ ಕಾರ್ಡೇ ನಮ್ಮ ಅಳತೆಗೋಲು. 20ನ್ನು 3ರಿಂದ ಭಾಗಿಸಿದರೆ ಏಳಕ್ಕೆ ಸ್ವಲ್ಪ ಕಡಿಮೆ. ಅಂದರೆ ಏಳು ಬೋಲ್ಟ್‌ಗಳು ಗುರಿ ತಲುಪಿದರೆ ಆಟ ಮುಗಿಯಿತು. ಈಗ ಡೆಕ್ಕಿನತ್ತ ನೋಡಿ. 60 ಕಾರ್ಡ್‌ಗಳಲ್ಲಿ 20 ಲ್ಯಾಂಡ್ (ಮಾನಾ ಕೊಡುವ ಕಾರ್ಡ್), ಉಳಿದ 40 ಸುಡುವ ಕಾರ್ಡ್‌ಗಳು. ಮೊದಲು ಆಡುವವರು ನಾಲ್ಕನೆಯ ಸರದಿಗೆ ಒಟ್ಟು 10 ಕಾರ್ಡ್ ನೋಡಿರುತ್ತಾರೆ. ಅದರಲ್ಲಿ ಸರಾಸರಿ ಮೂರನೇ ಎರಡು ಭಾಗ, ಅಂದರೆ ಆರು-ಏಳು ಕಾರ್ಡ್, ಬೆಂಕಿ. ಅದನ್ನು 3ರಿಂದ ಗುಣಿಸಿದರೆ ಮತ್ತೆ 20! ಡೆಕ್ಕಿನ ರಚನೆಯೇ ನಾಲ್ಕನೆಯ ಸರದಿಗೆ ಗುರಿಯಿಟ್ಟಿದೆ. ಹೊಂದಿಸಿದಂತೆ ಕೂಡುವ ಈ ಲೆಕ್ಕ ನನಗೆ ಇಂದಿಗೂ ಬಹಳ ಇಷ್ಟ.

ಆದರೆ ಈ ಲೆಕ್ಕದಲ್ಲಿ ಒಂದು ಹನಿಯೂ ಹೆಚ್ಚುವರಿ ಇಲ್ಲ ಎನ್ನುವುದನ್ನು ಗಮನಿಸಿ. ಒಂದು ಬೋಲ್ಟನ್ನು ಎದುರಾಳಿಯ ಕ್ರೀಚರ್ (ದಾಳಿ ಮಾಡುವ, ಅಡ್ಡ ನಿಲ್ಲುವ ಜೀವಿಯ ಕಾರ್ಡ್) ಮೇಲೆ ಹಾಕಿದಿರೋ, ಏಳು ಬಾಣದ ಬತ್ತಳಿಕೆಯಿಂದ ಒಂದು ಬಾಣ ಹೋಯಿತು. ಹಾಗಾದರೆ ಏಳಕ್ಕಿಂತ ಕಡಿಮೆ ಕಾರ್ಡಿನಲ್ಲಿ ಮುಗಿಸುವುದು ಹೇಗೆ? ಒಂದೇ ಕಾರ್ಡಿನಿಂದ ಎರಡು ಕಾರ್ಡಿನ ಕೆಲಸ ತೆಗೆಯುವುದರಿಂದ. ಮೊದಲ ಸರದಿಯಲ್ಲಿ ಹಾಕಿದ 2 ಬಲದ ಕ್ರೀಚರ್ ಗಾಬ್ಲಿನ್ ಗೈಡ್ ಮೂರು ಬಾರಿ ದಾಳಿ ಮಾಡಿದರೆ 6 ಡ್ಯಾಮೇಜ್, ಅಂದರೆ ಎರಡು ಬೋಲ್ಟ್. ಅದೇ ಗೈಡ್ ಐದನೆಯ ಸರದಿಯಲ್ಲಿ ಬಂದರೆ ಹೆಚ್ಚೆಂದರೆ 2, ಬಹಳ ಸಲ ಸೊನ್ನೆ. ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ ಕೂಡ ಹಾಗೆಯೇ. ಐಡೋಲನ್ ಆಫ್ ದ ಗ್ರೇಟ್ ರೆವೆಲ್ ಎರಡನೆಯ ಸರದಿಗೆ ಬಂದರೆ, ಎದುರಾಳಿ ಮೂರು ಅಥವಾ ಅದಕ್ಕಿಂತ ಕಡಿಮೆ ಮಾನಾ ಮೌಲ್ಯದ ಸ್ಪೆಲ್ (ಲ್ಯಾಂಡ್ ಅಲ್ಲದ ಕಾರ್ಡ್) ಹಾಕಿದಾಗೆಲ್ಲ 2 ಡ್ಯಾಮೇಜ್ ತಿನ್ನುತ್ತಾರೆ. ಐಡೋಲನ್‌ನನ್ನು ಕೊಲ್ಲಲು ಹಾಕುವ ಸ್ಪೆಲ್ ಕೂಡ ಆ 2ನ್ನು ತೆತ್ತೇ ಬರಬೇಕು.

ಆರಂಭದ ಕೈಯನ್ನು ಇಟ್ಟುಕೊಳ್ಳಬೇಕೋ ಮಲಿಗನ್ (ಆ ಕೈ ಬಿಟ್ಟು ಹೊಸದನ್ನು ಎಳೆಯುವುದು) ಮಾಡಬೇಕೋ ಎನ್ನುವುದಕ್ಕೂ ಇದೇ ಅಳತೆ. ಎರಡು ಲ್ಯಾಂಡ್, ಒಂದು ಮೊದಲ ಸರದಿಯ ಕ್ರೀಚರ್, ನಾಲ್ಕು ಸ್ಪೆಲ್ ಇದ್ದರೆ ಯೋಚಿಸಬೇಡಿ. ಒಂದೇ ಲ್ಯಾಂಡ್ ಇದ್ದರೆ? ಎರಡನೆಯವರಾಗಿ ಆಡುತ್ತಿದ್ದರೆ ಎರಡನೆಯ ಸರದಿಯೊಳಗೆ ಇನ್ನೊಂದು ಲ್ಯಾಂಡ್ ಸಿಗುವ ಸಾಧ್ಯತೆ ಸುಮಾರು 59 ಶೇಕಡಾ. ಮೊದಲು ಆಡುತ್ತಿದ್ದರೆ 36 ಶೇಕಡಾ ಮಾತ್ರ. ಕೈತುಂಬ ಒಂದು ಮಾನಾದ ಕಾರ್ಡ್‌ಗಳಿದ್ದು ಎರಡನೆಯವನಾಗಿದ್ದರೆ ನಾನು ಇಟ್ಟುಕೊಳ್ಳುತ್ತೇನೆ, ಮೊದಲು ಆಡುವುದಾದರೆ ಬಿಡುತ್ತೇನೆ. ಐದು ಲ್ಯಾಂಡ್‌ನ ಕೈಯನ್ನು ಮಾತ್ರ ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ. ಏಳು ಬಾಣ ಬೇಕಾದ ಕಡೆ ಎರಡನ್ನು ಹಿಡಿದು ಹೊರಟಂತೆ ಅದು.

ಎಸೆಯುವ ಕ್ರಮದ ಬಗ್ಗೆ ಇನ್ನೊಂದು ವಿಷಯ. ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್, ಸ್ಕ್ಯೂಅರ್ ದ ಕ್ರಿಟಿಕ್ಸ್ ಇವು ಸಾರ್ಸರಿಗಳು, ನಮ್ಮ ಸರದಿಯಲ್ಲಿ ಮಾತ್ರ ನಡೆಯುತ್ತವೆ. ಅವನ್ನು ಮೊದಲು ಖರ್ಚು ಮಾಡಿ. ಲೈಟ್ನಿಂಗ್ ಬೋಲ್ಟ್, ಬೋರೋಸ್ ಚಾರ್ಮ್, ಸ್ಕಲ್‌ಕ್ರ್ಯಾಕ್ ಇನ್‌ಸ್ಟಂಟ್‌ಗಳು, ಎದುರಾಳಿಯ ಸರದಿಯಲ್ಲೂ ಹಾಕಬಹುದು. ಅವು ಕೈಯಲ್ಲಿದ್ದಷ್ಟು ಕಾಲ ಎದುರಾಳಿ ಅಂಜಿಕೊಂಡು ಆಡುತ್ತಾರೆ.

ನಿಮ್ಮ ಅನುಭವವನ್ನೂ ಬರೆಯಿರಿ. ಬರ್ನ್ ಎದುರು ಆಡುವವರೂ ಬರೆದರೆ ಇನ್ನೂ ಒಳ್ಳೆಯದು.

ಮೊದಲಸರದಿ

ಕೆಂಡದಕೈ ಅವರೇ, ನಾನು ಆಟಕ್ಕೆ ಹೊಸಬ. ಬರ್ನ್ ಕಟ್ಟಿಕೊಂಡು ಕೆಲವೇ ವಾರಗಳಾದವು. ಒಂದು ಸೋಲು ಮನಸ್ಸಿನಿಂದ ಹೋಗುತ್ತಿಲ್ಲ, ಅದನ್ನು ನಿಮ್ಮ ಮುಂದಿಡುತ್ತೇನೆ.

ನಾಲ್ಕನೆಯ ಸರದಿ. ಎದುರಾಳಿಯದು ನೀಲಿ-ಬಿಳಿ ಕಂಟ್ರೋಲ್ ಡೆಕ್, ಅಂದರೆ ನಮ್ಮ ಕಾರ್ಡ್‌ಗಳನ್ನು ತಡೆಯುತ್ತಾ ಆಡುವಂಥದ್ದು. ಅವರ ಲೈಫ್ 7. ಅವರ ಮುಂದೆ ಮೂರು ಲ್ಯಾಂಡ್, ಮೂರನ್ನೂ ಟ್ಯಾಪ್ ಮಾಡದೆ (ಅವುಗಳ ಮಾನಾ ಬಳಸದೆ) ಉಳಿಸಿಕೊಂಡಿದ್ದರು. ನನ್ನ ಬಳಿಯೂ ಮೂರು ಲ್ಯಾಂಡ್. ಕೈಯಲ್ಲಿ ಬೋಲ್ಟ್ ಮತ್ತು ಬೋರೋಸ್ ಚಾರ್ಮ್. ಮೂರು ಕೂಡಿಸು ನಾಲ್ಕು, ಏಳು! ಮೇಜಿನ ಮೇಲೆ ಇಬ್ಬರದೂ ಕ್ರೀಚರ್ ಇಲ್ಲ. ಸರಿಯಾಗಿ ಏಳು ಇದೆ ಎಂದು ಚಾರ್ಮ್ ಹಾಕಿದೆ, ಅವರು ಕೌಂಟರ್‌ಸ್ಪೆಲ್ ಹಾಕಿ ತಡೆದರು. ಬೋಲ್ಟ್ ತಾಗಿತು, 4ಕ್ಕೆ ಇಳಿದರು. ಮುಂದಿನ ಸರದಿಯಲ್ಲಿ ಟೈಮ್ಲಿ ರೀಇನ್‌ಫೋರ್ಸ್‌ಮೆಂಟ್ಸ್ ಹಾಕಿ 10ಕ್ಕೆ ಏರಿದರು. ಆಮೇಲೆ ನನಗೆ ಹಿಂದೆ ಬರಲಾಗಲಿಲ್ಲ. ಎಣಿಸಿಯೇ ಎಸೆದಿದ್ದೆ. ಎಲ್ಲಿ ತಪ್ಪಿದೆ?

ನೀಲಿಅಲೆ

ಮೊದಲಸರದಿ ಅವರೇ, ಆ ಮೇಜಿನ ಆಚೆ ಬದಿಯಲ್ಲಿ ಕುಳಿತುಕೊಳ್ಳುವವನು ನಾನು. ಕಂಟ್ರೋಲ್ ಬಿಟ್ಟರೆ ಬೇರೆ ಡೆಕ್ ಆಡಿದವನಲ್ಲ. ಹಾಗಾಗಿ ನನ್ನ ಕಡೆಯಿಂದ ಆ ಸ್ಥಿತಿ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಕೈಯಲ್ಲಿ ಏಳು, ಎದುರಿಗೆ ಏಳು ಎಂದರೆ ನಿಮ್ಮ ಎರಡೂ ಕಾರ್ಡ್ ತಾಗಲೇಬೇಕು. ಎದುರಿಗೆ ಮೂರು ಲ್ಯಾಂಡ್ ತೆರೆದಿಟ್ಟುಕೊಂಡು ಕುಳಿತವನು ನೀಲಿ ಆಟಗಾರ. ಅವನ ಬಳಿ ಒಂದು ಕೌಂಟರ್ ಇದ್ದರೂ ನಿಮ್ಮ ಲೆಕ್ಕ ಮುರಿಯುತ್ತದೆ. ಅವನು ಆ ಮಾನಾ ಉಳಿಸಿಕೊಂಡಿರುವುದೇ ನಿಮ್ಮ ಸರದಿಗಾಗಿ. ಅವನು ಎಲ್ಲಿ ಕಾವಲು ನಿಂತಿದ್ದಾನೋ ಅದೇ ಬಾಗಿಲಿಗೆ ನೀವು ಹೋದಿರಿ.

ಹೋಗದೆ ಸರದಿ ಬಿಟ್ಟುಕೊಟ್ಟಿದ್ದರೆ? ಅವನ ಸರದಿ ಬರುತ್ತದೆ, ನಾಲ್ಕನೆಯ ಲ್ಯಾಂಡ್ ಇಡುತ್ತಾನೆ. ಕೈಯಲ್ಲಿ ಟೈಮ್ಲಿ ಇದೆ, ಅದಕ್ಕೆ 3 ಮಾನಾ ಬೇಕು. ಹಾಕಿದರೆ ಉಳಿಯುವುದು ಒಂದೇ ಲ್ಯಾಂಡ್, ಕೌಂಟರ್‌ಸ್ಪೆಲ್‌ಗೆ ಬೇಕಾದದ್ದು ಎರಡು. ಟೈಮ್ಲಿ ಇನ್ನೂ ಸ್ಟ್ಯಾಕ್ ಮೇಲಿರುವಾಗಲೇ, ಅಂದರೆ ಹಾಕಿದ್ದರೂ ಫಲಿಸದೆ ಕಾಯುತ್ತಿರುವಾಗಲೇ, ನೀವು ಬೋಲ್ಟ್ ಹಾಕಿ, ಚಾರ್ಮ್ ಹಾಕಿ. ನಿಮ್ಮ ಮೂರೂ ಲ್ಯಾಂಡ್ ತೆರೆದೇ ಇವೆ. ಒಂದು ಮಾನಾದ ಸ್ಪೆಲ್ ಪಿಯರ್ಸ್‌ನಂಥದ್ದು ಅವನ ಕೈಯಲ್ಲಿ ಇಲ್ಲದಿದ್ದರೆ, 6 ಲೈಫ್ ಸೇರುವ ಮೊದಲೇ 7 ಡ್ಯಾಮೇಜ್ ತಾಗಿ ಆಟ ಮುಗಿಯುತ್ತದೆ. ಅವನನ್ನು ಉಳಿಸಿದ ಆ ಕಾರ್ಡೇ ಅವನನ್ನು ಸೋಲಿಸಬಹುದಿತ್ತು.

ಅವನು ಜಾಣನಾಗಿದ್ದು ನಾಲ್ಕು ಲ್ಯಾಂಡ್ ಇದ್ದಾಗಲೂ ಟೈಮ್ಲಿ ಹಾಕದೆ ಸುಮ್ಮನೆ ಕುಳಿತ ಎಂದುಕೊಳ್ಳಿ. ಆಗ ಅವನ ಸರದಿಯ ಕೊನೆಯ ಹಂತದಲ್ಲಿ ಬೋಲ್ಟ್ ಎಸೆಯಿರಿ. ಬಿಟ್ಟರೆ 4ಕ್ಕೆ ಇಳಿಯುತ್ತಾನೆ, ಚಾರ್ಮ್ ಒಂದೇ ಸಾಕು ಎನ್ನುವ ಸ್ಥಿತಿ. ತಡೆದರೆ ಅವನ ಎರಡು ಲ್ಯಾಂಡ್ ಟ್ಯಾಪ್ ಆಗುತ್ತವೆ, ಒಂದು ಕೌಂಟರ್ ಖರ್ಚಾಗುತ್ತದೆ, ನೀವು ಮಾತ್ರ ಹೊಸ ಸರದಿಯಲ್ಲಿ ಎಲ್ಲ ಲ್ಯಾಂಡ್ ತೆರೆದುಕೊಂಡು, ಹೊಸ ಕಾರ್ಡ್ ಎಳೆದು ಕೂರುತ್ತೀರಿ. ನಾನು ನೀಲಿ ಆಡುವಾಗ ಹೆಚ್ಚು ಹೆದರುವುದು ನನ್ನ ಸರದಿಯ ಕೊನೆಯಲ್ಲಿ ಬರುವ ಬೋಲ್ಟ್‌ಗೆ.

ಕೆಂಡದಕೈ

ನೀಲಿಅಲೆ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಒಂದೇ ಒಂದು ಸೇರ್ಪಡೆಯೊಂದಿಗೆ. ಕಾಯುವುದಕ್ಕೂ ಗಡುವು ಇದೆ. ಐದನೆಯ ಲ್ಯಾಂಡ್ ಬಂದ ದಿನ ಅವರು ಟೈಮ್ಲಿ ಹಾಕಿ ಕೌಂಟರ್‌ಸ್ಪೆಲ್‌ಗೂ ಎರಡು ಉಳಿಸಿಕೊಳ್ಳುತ್ತಾರೆ. ಆರನೆಯದಕ್ಕೆ ಕೌಂಟರ್‌ಸ್ಪೆಲ್ ಒಂದರ ಮೇಲೊಂದರಂತೆ ಬರಬಹುದು. ಅಂದರೆ ನಿಮ್ಮ ಕಿಟಕಿ ತೆರೆದಿರುವುದು ಒಂದು ಸರದಿ, ಬಹಳವೆಂದರೆ ಎರಡು. ಅದಾದ ಮೇಲೆ ಕಾಯುತ್ತಾ ಕೂರುವವರು ಎದುರಾಳಿಗೆ ಲ್ಯಾಂಡ್ ಎಳೆಯಲು ಸಮಯ ಕೊಟ್ಟಂತೆ. "ಅವರು ಮಾನಾ ಖರ್ಚು ಮಾಡುವವರೆಗೆ ಕಾಯಿರಿ" ಎಂಬ ಸಲಹೆಯನ್ನು ಅರ್ಧ ಕೇಳಿಸಿಕೊಂಡು, ಕೈಯಲ್ಲಿ ಏಳು ಕಾರ್ಡ್ ತುಂಬಿಸಿಟ್ಟುಕೊಂಡೇ ಸೋತವರನ್ನು ನೋಡಿದ್ದೇನೆ.

ಟೈಮ್ಲಿ ಬಗ್ಗೆ ಇನ್ನೊಂದು ಸೂಕ್ಷ್ಮ. ಅದು 6 ಲೈಫ್ ಕೊಡುವುದು ಹಾಕಿದವರ ಲೈಫ್ ಎದುರಾಳಿಯ ಲೈಫ್‌ಗಿಂತ ಕಡಿಮೆ ಇದ್ದರೆ ಮಾತ್ರ. ಅದನ್ನು ನೋಡುವುದು ಕಾರ್ಡ್ ಹಾಕುವಾಗ ಅಲ್ಲ, ಅದು ಫಲ ಕೊಡುವಾಗ. ಅವರ ಲೈಫ್ 8, ನಿಮ್ಮದು 10, ನಿಮ್ಮ ಮುಂದೆ ತೆರೆಯದ ಫೆಚ್ ಲ್ಯಾಂಡ್ (1 ಲೈಫ್ ತೆತ್ತು ಡೆಕ್ಕಿನಿಂದ ಇನ್ನೊಂದು ಲ್ಯಾಂಡ್ ತರುವ ಲ್ಯಾಂಡ್) ಒಂದಿದೆ ಎಂದುಕೊಳ್ಳಿ. ಅವರು ಟೈಮ್ಲಿ ಹಾಕಿದ ಕೂಡಲೇ ಫೆಚ್ ತೆರೆಯಿರಿ, 1 ಲೈಫ್ ಹೋಯಿತು. ಶಾಕ್ ಲ್ಯಾಂಡ್ ತಂದು 2 ಲೈಫ್ ಕೊಟ್ಟು ತೆರೆದೇ ಇಡಿ. ಈಗ ನಿಮ್ಮದು 7, ಅವರದು 8. ಆ ಆರು ಲೈಫ್ ಬರುವುದೇ ಇಲ್ಲ. ನಮ್ಮ ಲೈಫ್ ಕೂಡ ಖರ್ಚು ಮಾಡಬಹುದಾದ ಹಣ ಎಂದು ನನಗೆ ಮನದಟ್ಟಾದದ್ದು ಈ ಒಂದು ನಡೆಯಿಂದ.

ತೆರೆಯದ ಫೆಚ್ ಸೀರಿಂಗ್ ಬ್ಲೇಜ್‌ಗೂ ಬೇಕು. ಆ ಸರದಿಯಲ್ಲಿ ನಮ್ಮ ಕಡೆ ಲ್ಯಾಂಡ್ ಬಂದಿದ್ದರೆ ಅದು ಎದುರಾಳಿಗೆ 3, ಅವರ ಕ್ರೀಚರ್‌ಗೆ 3 ಕೊಡುತ್ತದೆ, ಇಲ್ಲದಿದ್ದರೆ ಒಂದೊಂದೇ. ಎದುರಾಳಿಯ ಸರದಿಯಲ್ಲಿ ಫೆಚ್ ತೆರೆದು ಬ್ಲೇಜ್ ಹಾಕಿದರೆ ಬಾಣ ಒಂದು, ಗುರಿ ಎರಡು. ಬತ್ತಳಿಕೆಯೂ ಬರಿದಾಗುವುದಿಲ್ಲ.

ಬಿಳಿಬಯಲು

ಈಗ ಬರ್ನ್‌ಗೆ ಎದುರಾಗಿ ಆಡುವವರ ಪರವಾಗಿ. "ಬರ್ನ್ ಎದುರು ಲೈಫ್ ಹೆಚ್ಚಿಸಿಕೊಳ್ಳುವ ಕಾರ್ಡ್ ಹಾಕಿದರೆ ಮುಗಿಯಿತು" ಎನ್ನುವುದು ನಾನು ಅತಿ ಹೆಚ್ಚು ಕೇಳುವ ಸಲಹೆ, ಅತಿ ಹೆಚ್ಚು ದಾರಿ ತಪ್ಪಿಸುವ ಸಲಹೆಯೂ ಹೌದು. 3 ಲೈಫ್ ಕೊಡುವ ಕಾರ್ಡ್ ಒಂದು ಬೋಲ್ಟಿಗೆ ಸಮ. ನೀವು ಒಂದು ಕಾರ್ಡ್ ಕಳೆದುಕೊಂಡಿರಿ, ಅವರು ಒಂದು. ಆದರೆ ಅವರ ಡೆಕ್ಕಿನಲ್ಲಿ ಇನ್ನೂ ಮೂವತ್ತು ಬೋಲ್ಟ್‌ಗಳಿವೆ, ನಿಮ್ಮಲ್ಲಿ ಅಂಥ ಕಾರ್ಡ್ ನಾಲ್ಕೋ ಐದೋ. ತೂತು ಬಿದ್ದ ಕೊಡಕ್ಕೆ ಮೇಲಿಂದ ನೀರು ಸುರಿದಂತೆ.

ನಾನು ಬಳಸುವ ಲೆಕ್ಕ ಇದು. ಬರ್ನ್ ಆಟಗಾರ ಎಳೆಯುವ ಮೂರು ಕಾರ್ಡ್‌ಗಳಲ್ಲಿ ಎರಡು ಬೆಂಕಿ, ಪ್ರತಿಯೊಂದು 3. ಅಂದರೆ ಸರದಿಗೆ ಸರಾಸರಿ ಸುಮಾರು 2 ಡ್ಯಾಮೇಜ್. ಅವರ ಕೈಯಲ್ಲಿರುವ ಪ್ರತಿ ಕಾರ್ಡನ್ನೂ 3 ಎಂದು ಹಿಡಿಯಿರಿ. ನಿಮ್ಮ ಲೈಫ್‌ನಿಂದ ಅದನ್ನು ಕಳೆಯಿರಿ, ಉಳಿದದ್ದನ್ನು 2ರಿಂದ ಭಾಗಿಸಿ. ಅಷ್ಟು ಸರದಿ ನಿಮಗೆ ಉಳಿದಿದೆ.

ಒಂದು ಸನ್ನಿವೇಶ ತೆಗೆದುಕೊಳ್ಳೋಣ. ನಿಮ್ಮ ಲೈಫ್ 11, ಅವರ ಕೈಯಲ್ಲಿ ಎರಡು ಕಾರ್ಡ್. 11ರಿಂದ 6 ಕಳೆದರೆ 5. ಸುಮಾರು ಮೂರು ಸರದಿ. ಅವರ ಲೈಫ್ 14, ನಿಮ್ಮ ಬಳಿ 4 ಬಲದ ಒಂದು ಕ್ರೀಚರ್. ಅದೊಂದರಿಂದ ಮುಗಿಸಲು ನಾಲ್ಕು ಸರದಿ ಬೇಕು. ಒಂದು ಸರದಿಯಿಂದ ಸೋಲುತ್ತೀರಿ. ಇಲ್ಲಿ 4 ಲೈಫ್ ಕೊಡುವ ಕಾರ್ಡ್ ಹಾಕಿದರೆ ಎರಡು ಸರದಿ ಹೆಚ್ಚು ಸಿಕ್ಕು ನೀವು ಗೆಲ್ಲುತ್ತೀರಿ. ಅದೇ ಕಾರ್ಡನ್ನು ಮೇಜಿನ ಮೇಲೆ ಏನೂ ಇಲ್ಲದಾಗ ಹಾಕಿದರೆ ಎರಡು ಸರದಿ ತಡವಾಗಿ ಸೋಲುತ್ತೀರಿ, ಅಷ್ಟೇ ವ್ಯತ್ಯಾಸ. ದಾಳಿ ಮೊದಲು ಮೇಜಿಗೆ ಬರಲಿ, ಲೈಫ್ ಆಮೇಲೆ. ಎರಡನ್ನೂ ಒಟ್ಟಿಗೆ ಕೊಡುವ, ಲೈಫ್‌ಲಿಂಕ್ (ಕೊಟ್ಟ ಡ್ಯಾಮೇಜಿನಷ್ಟೇ ಲೈಫ್ ತರುವ ಗುಣ) ಇರುವ ದೊಡ್ಡ ಕ್ರೀಚರ್ ಸಿಕ್ಕಿದರೆ ಬರ್ನ್‌ಗೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಅದನ್ನು ಕೊಲ್ಲಲು ಅವರು ಎರಡು ಬೋಲ್ಟ್ ಕೊಡಬೇಕು, ಕೊಡದಿದ್ದರೆ ಪ್ರತಿ ದಾಳಿಯೂ ಅವರ ಒಂದು ಕಾರ್ಡನ್ನು ಅಳಿಸುತ್ತದೆ.

ಲೈಫ್ ಕಾರ್ಡ್ ಯಾವಾಗ ಹಾಕಬೇಕು ಎನ್ನುವುದೂ ಮುಖ್ಯ. ಅವರ ಬಳಿ ಎರಡು ಲ್ಯಾಂಡ್ ತೆರೆದಿದ್ದರೆ ಸ್ಕಲ್‌ಕ್ರ್ಯಾಕ್ ಇದೆ ಎಂದೇ ತಿಳಿಯಿರಿ. ಆ ಸರದಿಯಲ್ಲಿ ಯಾರಿಗೂ ಲೈಫ್ ಸೇರುವುದಿಲ್ಲ, ಮೇಲಿಂದ 3 ಡ್ಯಾಮೇಜ್ ಬೇರೆ. ಅವರು ತಮ್ಮ ಸರದಿಯಲ್ಲಿ ಮಾನಾ ಪೂರ್ತಿ ಖರ್ಚು ಮಾಡಿ ಬಿಟ್ಟಾಗ ನಿಮ್ಮ ಕಾರ್ಡ್ ಹಾಕಿ. 3 ಲೈಫ್ ಉಳಿದ ಮೇಲೆ ಹಾಕೋಣ ಎಂದು ಕಾಯುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಹಸಿರುತೊಪ್ಪಲು

ಯಾರೂ ಹೇಳದ ಸರಳ ವಿಷಯ ಒಂದಿದೆ. ಫೆಚ್ ತೆರೆಯಲು 1, ಶಾಕ್ ಲ್ಯಾಂಡ್ ತೆರೆದು ಇಡಲು 2. ಒಟ್ಟು 3. ಬರ್ನ್ ಆಟಗಾರನಿಗೆ ಕಾರ್ಡೂ ಇಲ್ಲದೆ ಮಾನಾವೂ ಇಲ್ಲದೆ ಒಂದು ಬೋಲ್ಟ್ ಉಡುಗೊರೆ. ಎರಡು ಸಲ ಹೀಗೆ ಮಾಡಿದರೆ ನೀವು 20 ಅಲ್ಲ, 14 ಲೈಫ್‌ನಿಂದ ಆಟ ಆರಂಭಿಸಿದಂತೆ. ಬೇಸಿಕ್ ಲ್ಯಾಂಡ್ ತನ್ನಿ. ಶಾಕ್ ಲ್ಯಾಂಡ್ ತರಲೇಬೇಕಾದರೆ, ಆ ಸರದಿಯಲ್ಲಿ ಮಾನಾ ಬೇಡದಿದ್ದರೆ ಟ್ಯಾಪ್ ಆಗಿ ಇಡಿ. ನನ್ನ ಅನುಭವದಲ್ಲಿ ಬರ್ನ್ ಎದುರಿನ ಎಷ್ಟೋ ಸೋಲುಗಳು ಸೈಡ್‌ಬೋರ್ಡ್‌ನಿಂದಾಗಿ (ಆಟಗಳ ನಡುವೆ ಬದಲಿಸಿಕೊಳ್ಳುವ ಕಾರ್ಡ್‌ಗಳಿಂದಾಗಿ) ಅಲ್ಲ, ಮೊದಲ ಎರಡು ಸರದಿಯ ಲ್ಯಾಂಡ್ ಆಯ್ಕೆಯಿಂದಾಗಿ ಆದವು.

ಜೌಗುನೆಲ

ಕಪ್ಪು ಡೆಕ್ ಆಡುವವರಿಗೆ ನನ್ನದೊಂದು ಸಲಹೆ. ಥಾಟ್‌ಸೀಜ್ ಒಳ್ಳೆಯ ಕಾರ್ಡ್ ಎಂದು ಬರ್ನ್ ಎದುರೂ ಬಿಡದೆ ಇಟ್ಟುಕೊಳ್ಳುತ್ತಾರೆ. 2 ಲೈಫ್ ಕೊಟ್ಟು ಎದುರಾಳಿಯ ಕೈಯಿಂದ 3 ಡ್ಯಾಮೇಜಿನ ಕಾರ್ಡ್ ತೆಗೆದರೆ ಉಳಿದದ್ದು 1 ಲೈಫ್. ಅದಕ್ಕೊಂದು ಕಾರ್ಡ್, ಒಂದು ಮಾನಾ. ಐಡೋಲನ್ ಇದ್ದರೆ ಇನ್ನೂ 2 ಹೋಗಿ ನಷ್ಟವೇ. ಸೈಡ್‌ಬೋರ್ಡ್ ಮಾಡುವಾಗ ಅದನ್ನು ತೆಗೆಯಿರಿ. ಇನ್‌ಕ್ವಿಸಿಷನ್ ಆಫ್ ಕೋಜಿಲೆಕ್ ಇರಲಿ, ಅದು ಲೈಫ್ ಕೇಳುವುದಿಲ್ಲ, ಬರ್ನ್‌ನ ಯಾವ ಸ್ಪೆಲ್ಲೂ ಅದರ ಮಿತಿಯಾದ 3 ಮಾನಾ ಮೌಲ್ಯವನ್ನು ಮೀರುವುದಿಲ್ಲ.

ಒಳಗೆ ತರಬೇಕಾದದ್ದು ಕಲೆಕ್ಟಿವ್ ಬ್ರೂಟಾಲಿಟಿ. ಎರಡು ಮಾನಾ. ಬೇಡದ ಎರಡು ಕಾರ್ಡ್ ಎಸೆದರೆ ಮೂರೂ ಕೆಲಸ ಒಮ್ಮೆಗೆ: ಅವರ ಕೈಯಿಂದ ಒಂದು ಇನ್‌ಸ್ಟಂಟ್ ಅಥವಾ ಸಾರ್ಸರಿ ಹೋಗುತ್ತದೆ, ಗಾಬ್ಲಿನ್ ಗೈಡ್ ಅಥವಾ ಐಡೋಲನ್ ಸಾಯುತ್ತದೆ, ಅವರಿಂದ 2 ಲೈಫ್ ನಿಮಗೆ ಬರುತ್ತದೆ. ಬರ್ನ್ ಎದುರು ನಿಮ್ಮ ಕೈಯಲ್ಲಿ ನಿಧಾನದ ಕಾರ್ಡ್‌ಗಳು ಹೇಗೂ ಕೊಳೆಯುತ್ತಿರುತ್ತವೆ. ಅವನ್ನು ಎಸೆಯುವುದು ನಷ್ಟವೇ ಅಲ್ಲ. ಸ್ವಿಫ್ಟ್‌ಸ್ಪಿಯರ್ ವಿಷಯದಲ್ಲಿ ಮಾತ್ರ ಎಚ್ಚರ: ಅವರು ಪ್ರತಿಯಾಗಿ ಒಂದು ಬೋಲ್ಟ್ ಹಾಕಿದರೆ ಪ್ರೌವೆಸ್ ಗುಣದಿಂದ ಅದು ಆ ಸರದಿಗೆ ದೊಡ್ಡದಾಗಿ ಬದುಕಿಕೊಳ್ಳುತ್ತದೆ. ಅವರ ಲ್ಯಾಂಡ್‌ಗಳು ಟ್ಯಾಪ್ ಆಗಿದ್ದಾಗ ಹಾಕಿ.

ಮೊದಲಸರದಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಟೈಮ್ಲಿ ಸ್ಟ್ಯಾಕ್ ಮೇಲಿರುವಾಗ ನಾನೇ ಗೆಲ್ಲಬಹುದಿತ್ತು ಎಂದು ಓದಿದಾಗ ಆ ಆಟವನ್ನು ಮತ್ತೆ ಮೇಜಿನ ಮೇಲೆ ಹರಡಿ ನೋಡಿದೆ. ಈಗ ಇನ್ನೊಂದು ಭಯ. ಲೇಲೈನ್ ಆಫ್ ಸ್ಯಾಂಕ್ಟಿಟಿ, ಚಾಲಿಸ್ ಆಫ್ ದ ವಾಯ್ಡ್, ಕೋರ್ ಫೈರ್‌ವಾಕರ್ ಇವು ಬಂದರೆ ಏನು ಮಾಡಬೇಕು? ಲೇಲೈನ್ ಕಂಡ ಕೂಡಲೇ ಸೋತೆನೆಂದು ಕಾರ್ಡ್ ಕೂಡಿಸಿಬಿಡುತ್ತೇನೆ.

ಕೆಂಡದಕೈ

ಕೂಡಿಸಬೇಡಿ! ಒಂದೊಂದಾಗಿ ನೋಡೋಣ.

ಲೇಲೈನ್ ಆರಂಭದ ಕೈಯಲ್ಲಿದ್ದರೆ ಉಚಿತವಾಗಿ ಮೇಜಿಗೆ ಬರುತ್ತದೆ, ಆಮೇಲೆ ಎದುರಾಳಿಯನ್ನು ನಾವು ಗುರಿಯಾಗಿಸಲು ಆಗುವುದಿಲ್ಲ. ಬೋಲ್ಟ್, ಸ್ಪೈಕ್, ಸ್ಕಲ್‌ಕ್ರ್ಯಾಕ್ ಎಲ್ಲವೂ ಅವರಿಗೆ ತಾಗದೆ ನಿಲ್ಲುತ್ತವೆ. ನಿಜ. ಆದರೆ ನಾಲ್ಕು ಲೇಲೈನ್ ಇಟ್ಟವರಿಗೂ ಏಳು ಕಾರ್ಡಿನ ಕೈಯಲ್ಲಿ ಕನಿಷ್ಠ ಒಂದು ಸಿಗುವ ಸಾಧ್ಯತೆ 40 ಶೇಕಡಾ. ಹತ್ತರಲ್ಲಿ ಆರು ಆಟಗಳಲ್ಲಿ ಅದು ಆರಂಭದಲ್ಲಿ ಇರುವುದಿಲ್ಲ. ಆಮೇಲೆ ಎಳೆದರೆ ನಾಲ್ಕು ಮಾನಾ ಕೊಡಬೇಕು, ಅಷ್ಟರಲ್ಲಿ ಆಟ ಬಹುಪಾಲು ಮುಗಿದಿರುತ್ತದೆ. ಹೀಗಿರುವಾಗ ಭಯದಿಂದ ಲೇಲೈನ್‌ನಂಥ ಎನ್‌ಚಾಂಟ್‌ಮೆಂಟ್ ಒಡೆಯುವ ಕಾರ್ಡ್‌ಗಳನ್ನು ನಾಲ್ಕೈದು ತಂದು ತುಂಬಬೇಡಿ. ಎರಡು ಸಾಕು. ಅದಕ್ಕಿಂತ ಮುಖ್ಯವಾಗಿ, ಕ್ರೀಚರ್‌ಗಳನ್ನು ಹೊರಗೆ ತೆಗೆಯಬೇಡಿ. ಗೈಡ್, ಸ್ವಿಫ್ಟ್‌ಸ್ಪಿಯರ್ ಮಾಡುವ ದಾಳಿಗೆ ಲೇಲೈನ್ ಅಡ್ಡ ಬರುವುದಿಲ್ಲ. ಐಡೋಲನ್ ಯಾರನ್ನೂ ಗುರಿಯಾಗಿಸುವುದಿಲ್ಲ, ರಾಯ್ಲಿಂಗ್ ವೋರ್ಟೆಕ್ಸ್ ಕೂಡ ಇಲ್ಲ. ಅವು ಲೇಲೈನ್ ಇದ್ದರೂ ಸುಡುತ್ತವೆ. ಆಗ ಬೋಲ್ಟ್‌ಗಳ ಕೆಲಸ ದಾರಿಗೆ ಅಡ್ಡ ನಿಂತ ಕ್ರೀಚರ್‌ಗಳನ್ನು ಸರಿಸುವುದು.

ಬೋರೋಸ್ ಚಾರ್ಮ್ ಕೂಡ ಆಗ ಸತ್ತ ಕಾರ್ಡ್ ಅಲ್ಲ. ಅದು ನಮ್ಮ ಕ್ರೀಚರ್ ಒಂದಕ್ಕೆ ಡಬಲ್ ಸ್ಟ್ರೈಕ್ (ಒಂದೇ ದಾಳಿಯಲ್ಲಿ ಎರಡು ಬಾರಿ ಡ್ಯಾಮೇಜ್) ಕೊಡಬಲ್ಲದು. ಲೇಲೈನ್ ಇಲ್ಲದ ಆಟದಲ್ಲೂ ಈ ಲೆಕ್ಕ ತಿಳಿದಿರಬೇಕು. ತಡೆಯಿಲ್ಲದೆ ದಾಳಿ ಮಾಡುತ್ತಿರುವ ಸ್ವಿಫ್ಟ್‌ಸ್ಪಿಯರ್‌ನ ಮೂಲ ಬಲ 1, ಕ್ರೀಚರ್ ಅಲ್ಲದ ಪ್ರತಿ ಸ್ಪೆಲ್‌ಗೆ 1 ಏರುತ್ತದೆ. ಚಾರ್ಮ್ ಸೇರಿ ಆ ಸರದಿಯಲ್ಲಿ ಮೂರು ಸ್ಪೆಲ್ ಹಾಕಿದರೆ ಬಲ 4. ಡಬಲ್ ಸ್ಟ್ರೈಕ್ ಆದರೆ 8, ಚಾರ್ಮನ್ನು ನೇರವಾಗಿ ಎದುರಾಳಿಯ ಮೇಲೆ ಹಾಕಿದರೆ 4 ಕೂಡಿಸು 4, ಅದೂ 8. ಮೂರಕ್ಕಿಂತ ಕಡಿಮೆ ಸ್ಪೆಲ್ ಇದ್ದರೆ ನೇರವೇ ಲಾಭ, ಹೆಚ್ಚಿದ್ದರೆ ಡಬಲ್ ಸ್ಟ್ರೈಕ್.

ಚಾಲಿಸ್ ಸಾಮಾನ್ಯವಾಗಿ ಒಂದು ಎಂಬ ಸಂಖ್ಯೆಯ ಮೇಲೆ ಬರುತ್ತದೆ. ಮಾನಾ ಮೌಲ್ಯ 1 ಇರುವ ಎಲ್ಲವೂ ತಡೆಯಲ್ಪಡುತ್ತವೆ: ಬೋಲ್ಟ್, ಸ್ಪೈಕ್, ಗೈಡ್, ಸ್ವಿಫ್ಟ್‌ಸ್ಪಿಯರ್. ಇಲ್ಲಿ ನೋಡಬೇಕಾದದ್ದು ನಾವು ಕೊಟ್ಟ ಮಾನಾವನ್ನಲ್ಲ, ಕಾರ್ಡಿನ ಮೂಲೆಯಲ್ಲಿ ಅಚ್ಚಾದ ಮೌಲ್ಯವನ್ನು. ರಿಫ್ಟ್ ಬೋಲ್ಟನ್ನು ಸಸ್ಪೆಂಡ್ ಮಾಡಲು (ಮುಂದಿನ ಸರದಿಗೆ ಕಾಯಿಸಿಡಲು) ಒಂದೇ ಮಾನಾ ಕೊಟ್ಟಿರುತ್ತೇವೆ, ಆದರೆ ಅದರ ಮೌಲ್ಯ 3. ಸ್ಕ್ಯೂಅರ್ ಕೂಡ ಹಾಗೆಯೇ. ಎರಡೂ ಚಾಲಿಸ್ ದಾಟಿ ಹೋಗುತ್ತವೆ. ಚಾರ್ಮ್, ಲೈಟ್ನಿಂಗ್ ಹೆಲಿಕ್ಸ್, ಐಡೋಲನ್ ಎರಡರವು, ಅವೂ ದಾಟುತ್ತವೆ. ಸೈಡ್‌ಬೋರ್ಡ್‌ನ ಸ್ಮ್ಯಾಶ್ ಟು ಸ್ಮಿದರೀನ್ಸ್ ಎರಡು ಮಾನಾಕ್ಕೆ ಚಾಲಿಸ್ ಒಡೆದು ಅದರ ಒಡೆಯನಿಗೆ 3 ಡ್ಯಾಮೇಜ್ ಕೂಡ ಕೊಡುತ್ತದೆ, ಅಂದರೆ ಬಾಣ ವ್ಯರ್ಥವಾಗಲೇ ಇಲ್ಲ. ಇಂಥ ಕಾರ್ಡ್‌ಗಳೇ ನಮ್ಮ ಡೆಕ್ಕಿಗೆ ಒಗ್ಗುವುದು.

ಕೋರ್ ಫೈರ್‌ವಾಕರ್ ಮಾತ್ರ ನಿಜಕ್ಕೂ ಕಷ್ಟ. ಕೆಂಪಿನಿಂದ ರಕ್ಷಣೆ ಇದೆ, ಯಾರು ಕೆಂಪು ಸ್ಪೆಲ್ ಹಾಕಿದರೂ ಫೈರ್‌ವಾಕರ್‌ನ ಒಡೆಯನಿಗೆ 1 ಲೈಫ್. ನಮ್ಮ 3ರ ಕಾರ್ಡ್‌ಗಳೆಲ್ಲ 2ರವಾಗುತ್ತವೆ, ಏಳು ಬಾಣದ ಆಟ ಹತ್ತು ಬಾಣದ್ದಾಗುತ್ತದೆ. ಕ್ರೀಚರನ್ನು ಆಟದಿಂದಲೇ ತೆಗೆಯುವ ಬಿಳಿಯ ಪಾತ್ ಟು ಎಕ್ಸೈಲ್ ಇದ್ದರೆ ಅದಕ್ಕಾಗಿಯೇ ಮೀಸಲಿಡಿ. ಅದು ಇಲ್ಲದಿದ್ದರೆ ಫೈರ್‌ವಾಕರ್ ನಮ್ಮ ಗೈಡ್‌ಗೆ ಅಡ್ಡ ನಿಂತಾಗ ಸ್ಕಲ್‌ಕ್ರ್ಯಾಕ್ ಹಾಕಿ. ಆ ಸರದಿಯಲ್ಲಿ ಡ್ಯಾಮೇಜ್ ತಡೆಯಲಾಗುವುದಿಲ್ಲ, ರಕ್ಷಣೆ ಕೆಲಸ ಮಾಡದೆ ಗೈಡ್‌ನ 2 ಡ್ಯಾಮೇಜ್‌ಗೆ ಅದು ಸಾಯುತ್ತದೆ. ಎದುರಾಳಿಗೆ 3 ಕೂಡ ತಾಗುತ್ತದೆ.

ಬಿಳಿಬಯಲು

ಈ ಕೊನೆಯ ನಡೆಯಲ್ಲಿ ನನ್ನ ಫೈರ್‌ವಾಕರ್ ಒಮ್ಮೆ ಸತ್ತಿದೆ. ಅಂದಿನಿಂದ ಅವರ ಬಳಿ ಎರಡು ಲ್ಯಾಂಡ್ ತೆರೆದಿದ್ದರೆ ಅದನ್ನು ಅಡ್ಡ ನಿಲ್ಲಿಸುವುದಿಲ್ಲ. ಗೈಡ್‌ನ 2 ತಿಂದರೂ ಫೈರ್‌ವಾಕರ್ ಮೇಜಿನ ಮೇಲೆ ಉಳಿಯಬೇಕು, ಮುಂದಿನ ಪ್ರತಿ ಕೆಂಪು ಸ್ಪೆಲ್‌ಗೂ ಅದು ಬೇಕು.

ಲೇಲೈನ್ ಬಗ್ಗೆ ನನ್ನ ಕಡೆಯವರಿಗೆ ಒಂದು ಎಚ್ಚರಿಕೆ ಹೇಳುತ್ತೇನೆ. ಅದು ಕೈಗೆ ಬರಲಿ ಎಂದು ಐದು ಕಾರ್ಡಿನವರೆಗೆ ಮಲಿಗನ್ ಮಾಡಬೇಡಿ. ಲೇಲೈನ್ ಇದ್ದು ಬೇರೇನೂ ಇಲ್ಲದ ಕೈ ಎಂದರೆ ಬಾಗಿಲು ಭದ್ರ, ಮನೆ ಖಾಲಿ. ಗೈಡ್ ಒಂದೇ ಸಾಕು ನಿಮ್ಮನ್ನು ಮುಗಿಸಲು.

ಮೊದಲಸರದಿ

ಈ ವಾರ ಮತ್ತೆ ಆಡಿದೆ. ಒಂದು ಸ್ಥಿತಿಯನ್ನು ನಿಮ್ಮೆಲ್ಲರ ಮುಂದಿಡಬೇಕು. ನನ್ನ ಲೈಫ್ 2, ಎದುರಾಳಿಯದು 3. ಮೇಜಿನ ಮೇಲೆ ನನ್ನ ಐಡೋಲನ್ ಮಾತ್ರ, ಅವರ ಕಡೆ ಕ್ರೀಚರ್ ಇಲ್ಲ. ಅವರಿಗೆ ಮೂರು ಲ್ಯಾಂಡ್, ಕೈಯಲ್ಲಿ ಎರಡು ಕಾರ್ಡ್. ನಾನು ಎಳೆದದ್ದು ಬೋಲ್ಟ್! ಎತ್ತಿ ಹಾಕುವವನೇ ಇದ್ದೆ, ಕೈ ತಡೆದೆ. ಬೋಲ್ಟ್ ಹಾಕಿದರೆ ನನ್ನ ಐಡೋಲನ್ ನನಗೂ 2 ಕೊಡುತ್ತದೆ. ಆ 2 ಬೋಲ್ಟಿಗಿಂತ ಮೊದಲು ತಾಗುತ್ತದೆ, ಅಲ್ಲವೇ? ಹಾಗೆಂದುಕೊಂಡು ಬೋಲ್ಟನ್ನು ಕೈಯಲ್ಲೇ ಇಟ್ಟುಕೊಂಡು ಐಡೋಲನ್‌ನಿಂದ ದಾಳಿ ಮಾಡಿದೆ. ಅವರು 1ಕ್ಕೆ ಇಳಿದರು. ಅವರ ಸರದಿಯಲ್ಲಿ ಬಹಳ ಹೊತ್ತು ಕಾರ್ಡ್‌ಗಳನ್ನು ನೋಡುತ್ತಾ ಕುಳಿತು, ಏನೂ ಹಾಕದೆ ಸರದಿ ಬಿಟ್ಟರು. ಮುಂದಿನ ದಾಳಿಯಲ್ಲಿ ಮುಗಿಯಿತು. ಇದು ಸರಿಯಾದ ನಡೆಯೋ, ಅದೃಷ್ಟವೋ?

ನೀಲಿಅಲೆ

ಸರಿಯಾದ ನಡೆಯೇ. ಐಡೋಲನ್‌ನ ಡ್ಯಾಮೇಜ್ ಸ್ಟ್ಯಾಕ್‌ನಲ್ಲಿ ಬೋಲ್ಟ್‌ನ ಮೇಲೆ ಕೂರುತ್ತದೆ, ಹಾಗಾಗಿ ಮೊದಲು ಫಲಿಸುತ್ತದೆ. ಬೋಲ್ಟ್ ತಾಗುವ ಮುನ್ನವೇ ನೀವು ಸತ್ತಿರುತ್ತಿದ್ದಿರಿ. ಲೈಟ್ನಿಂಗ್ ಹೆಲಿಕ್ಸ್ ಆಗಿದ್ದರೂ ಅಷ್ಟೇ, ಅದರ 3 ಲೈಫ್ ಬರುವಷ್ಟರಲ್ಲಿ ತಡವಾಗಿರುತ್ತಿತ್ತು.

ಅವರ ಕಡೆಯಿಂದಲೂ ನೋಡಿ. 3 ಲೈಫ್ ಇದ್ದಾಗ ಅವರು ಒಂದು ಅಗ್ಗದ ಸ್ಪೆಲ್ ಹಾಕಿ ಬದುಕಬಹುದಿತ್ತು. 1ಕ್ಕೆ ಇಳಿದ ಮೇಲೆ ಅದೂ ಇಲ್ಲ. ಐಡೋಲನ್‌ನನ್ನು ಕೊಲ್ಲುವ ಕಾರ್ಡ್ ಅವರ ಕೈಯಲ್ಲಿದ್ದರೂ ಅದನ್ನು ಹಾಕಿದ ಕ್ಷಣ ಸಾಯುತ್ತಿದ್ದರು. ಮೂರು ಲ್ಯಾಂಡ್‌ನಲ್ಲಿ ನಾಲ್ಕರ ಕಾರ್ಡ್ ಹಾಕಲಾಗದು. ಅವರು ಆ ಒಂದು ಸ್ಪೆಲ್ಲನ್ನು ನಿಮ್ಮ ದಾಳಿಗೆ ಮೊದಲೇ, 3 ಲೈಫ್ ಇದ್ದಾಗಲೇ ಐಡೋಲನ್ ಮೇಲೆ ಹಾಕಬೇಕಿತ್ತು.

ಕೆಂಡದಕೈ

ಆ ಬೋಲ್ಟ್ ಕೊನೆಯವರೆಗೂ ನಿಮ್ಮ ಕೈಯಲ್ಲೇ ಉಳಿಯಿತು, ಅಲ್ಲವೇ? ನಾನು ಆಡಿದ ಎಷ್ಟೋ ಆಟಗಳಲ್ಲಿ ಅದನ್ನು ಹಾಕಿಬಿಡುತ್ತಿದ್ದೆ. ಮುಂದಿನ ಸಲ ಆಡುವಾಗ ಎದುರಾಳಿಯ ನಾಲ್ಕನೆಯ ಲ್ಯಾಂಡ್ ಯಾವಾಗ ಬರುತ್ತದೆ ಎಂಬುದರ ಮೇಲೂ ಕಣ್ಣಿಡಿ. ಅವರಿಗೆ ಆ ಸರದಿಯಲ್ಲಿ ಅದು ಸಿಕ್ಕಿದ್ದು, ಕೈಯಲ್ಲಿ ನಾಲ್ಕು ಮಾನಾದ ಕ್ರೀಚರ್ ಇದ್ದಿದ್ದರೆ ಐಡೋಲನ್ ಅದನ್ನು ಮುಟ್ಟುತ್ತಿರಲಿಲ್ಲ, ನಿಮ್ಮ ಎರಡನೆಯ ದಾಳಿಗೆ ಅದು ಅಡ್ಡ ನಿಲ್ಲುತ್ತಿತ್ತು. ಆಗ ನಿಮ್ಮ ಮುಂದಿನ ನಡೆ ಏನಾಗಿರುತ್ತಿತ್ತು ಎಂದು ಯೋಚಿಸಿ ಬರೆಯಿರಿ. ನಾನೂ ಕಾರ್ಡ್ ಹರಡಿಕೊಂಡು ಕೂರುತ್ತೇನೆ.